ಕೇಳಿಸಿಕೊಳ್ಳುವಷ್ಟೇ ವೇಗದಲ್ಲಿ

ಒಂದು ಕಾಲದಲ್ಲಿ ಅಂಚೆಯಣ್ಣ ಅಂಗಳಕ್ಕೆ ಬಂದು “ತಂತಿ ಇದೆ” ಎಂದರೆ ಒಳಗಿದ್ದ ಹೆಂಗಸರ ಎದೆ ಧಸಕ್ಕೆನ್ನುತ್ತಿತ್ತು. ಕಾಗದ ಬಿಡಿಸಿ ಓದುವ ಮೊದಲೇ ಕೆಲವರಿಗೆ ಅಳು ಬಂದುಬಿಡುತ್ತಿತ್ತು. ಗಂಡನೋ ಮಗನೋ ಮುಂಬೈಯಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಮನೆಯಾದರಂತೂ ಕೇಳುವುದೇ ಬೇಡ. ಆ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನ ಮಕ್ಕಳಿಗೆ ತಂತಿ ಎಂದರೆ ಬಟ್ಟೆ ಒಣಗಿಸುವ ತಂತಿ ಮಾತ್ರ ಗೊತ್ತು.

ಆದರೆ ತಂತಿ ಕಚೇರಿಗಳು ಆರಂಭದ ದಿನಗಳಲ್ಲಿ ಬಳಸುತ್ತಿದ್ದ ಭಾಷೆ ಇನ್ನೂ ಜೀವಂತವಾಗಿದೆ. ಅದೇ ಮೋರ್ಸ್ ಸಂಕೇತ. ಚುಕ್ಕಿ ಮತ್ತು ಗೆರೆ, ಅಂದರೆ ಗಿಡ್ಡ ಸದ್ದು ಮತ್ತು ಉದ್ದ ಸದ್ದು, ಇವೆರಡರಿಂದಲೇ ಎಲ್ಲ ಅಕ್ಷರಗಳನ್ನೂ ಅಂಕೆಗಳನ್ನೂ ಹೇಳುವ ವಿಧಾನ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿಯ ಮೂಲಕ ಸಂದೇಶ ಕಳಿಸಿ ತೋರಿಸಿದ. ಇಂದು ಜಗತ್ತಿನಾದ್ಯಂತ ಹ್ಯಾಮ್‌ಗಳು, ಅಂದರೆ ಸರಕಾರದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರು, ಅದನ್ನು ತಂತಿಯಿಲ್ಲದೆ ಆಕಾಶದ ಮೂಲಕ ಕಳಿಸುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಕೈಯಿಂದ ಕೀ ಒತ್ತುವ ಬದಲು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಕ್ಷರ ಟೈಪ್ ಮಾಡಿದರೆ ಯಂತ್ರವೇ ಮೋರ್ಸ್ ಮಾಡಿ ಕಳಿಸುತ್ತದೆ, ಬಂದದ್ದನ್ನು ಯಂತ್ರವೇ ಓದಿ ತೋರಿಸುತ್ತದೆ ಎಂದಾದರೆ, ನಮ್ಮ ಮಗಳೋ ಮಗನೋ ಅದನ್ನು ಕಷ್ಟಪಟ್ಟು ಕಲಿಯುವುದೇಕೆ? ಈ ಪ್ರಶ್ನೆ ಮೋರ್ಸ್‌ಗೆ ಮಾತ್ರ ಸೀಮಿತವಲ್ಲ. ಕ್ಯಾಲ್ಕುಲೇಟರ್ ಇರುವಾಗ ಮಗ್ಗಿ ಏಕೆ ಎಂದು ಕೇಳುವ ಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ. ಹಾಗಾಗಿ ಈ ತಿಂಗಳು ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಳತೆಯ ಭಾಷೆ

ಮೋರ್ಸ್‌ನಲ್ಲಿ ಸದ್ದಿನಷ್ಟೇ ಮೌನಕ್ಕೂ ಅಳತೆಯಿದೆ. ಒಂದು ಚುಕ್ಕಿಯನ್ನು ಒಂದು ಅಳತೆ ಎಂದಿಟ್ಟುಕೊಂಡರೆ ಒಂದು ಗೆರೆ ಮೂರು ಅಳತೆ. ಒಂದೇ ಅಕ್ಷರದೊಳಗಿನ ಚುಕ್ಕಿ-ಗೆರೆಗಳ ನಡುವೆ ಒಂದು ಅಳತೆಯ ಮೌನ. ಅಕ್ಷರದಿಂದ ಅಕ್ಷರಕ್ಕೆ ಮೂರು ಅಳತೆ, ಪದದಿಂದ ಪದಕ್ಕೆ ಏಳು ಅಳತೆ.

ಒಂದು ಉದಾಹರಣೆ ನೋಡಿ. ಹ್ಯಾಮ್‌ಗಳು ಕನ್ನಡ ಪದವನ್ನು ಕಳಿಸುವುದಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ನಮ್ಮ ಮಕ್ಕಳು ಕರೆಯುವ ‘ಉಮ್ಮ’ ಎಂಬ ಪದಕ್ಕೆ ಯು, ಎಂ, ಎಂ, ಎ ಎಂಬ ನಾಲ್ಕು ಅಕ್ಷರ ಬೇಕು. ಯು ಅಂದರೆ ಚುಕ್ಕಿ ಚುಕ್ಕಿ ಗೆರೆ. ಎಂ ಅಂದರೆ ಗೆರೆ ಗೆರೆ. ಎ ಅಂದರೆ ಚುಕ್ಕಿ ಗೆರೆ. ನಡುವಿನ ಮೌನವನ್ನೂ ಸೇರಿಸಿ ಕೂಡಿದರೆ ಒಟ್ಟು 35 ಅಳತೆ.

ವೇಗವನ್ನು ನಿಮಿಷಕ್ಕೆ ಇಷ್ಟು ಪದ ಎಂದು ಎಣಿಸುತ್ತಾರೆ. ಅದಕ್ಕೆ ‘ಪ್ಯಾರಿಸ್’ ಎಂಬ ಪದವನ್ನು ಮಾದರಿಯಾಗಿ ಇಟ್ಟುಕೊಂಡಿದ್ದಾರೆ, ಏಕೆಂದರೆ ಕೊನೆಯ ಮೌನವೂ ಸೇರಿ ಅದು ಸರಿಯಾಗಿ 50 ಅಳತೆ ಬರುತ್ತದೆ. ನಿಮಿಷಕ್ಕೆ 12 ಪದ ಎಂದರೆ 600 ಅಳತೆ. ಆಗ ಒಂದು ಚುಕ್ಕಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಆ ವೇಗದಲ್ಲಿ ‘ಉಮ್ಮ’ ಎಂದು ಕರೆಯಲು ಮೂರೂವರೆ ಸೆಕೆಂಡು ಸಾಕು.

ಅಳತೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಎ ಅಕ್ಷರದ ಚುಕ್ಕಿಗೂ ಗೆರೆಗೂ ನಡುವೆ ಮೌನ ಹೆಚ್ಚಾದರೆ ಕೇಳುವವರಿಗೆ ಅದು ಇ ಮತ್ತು ಟಿ ಎಂಬ ಎರಡು ಅಕ್ಷರಗಳಾಗುತ್ತದೆ. ಎಂ ಒಡೆದರೆ ಎರಡು ಟಿ ಆಗುತ್ತದೆ. ಹೊಸಬರ ಕೈ ನಡುಗುವುದು, ಅವಸರ ಮಾಡುವುದು ಎಲ್ಲವೂ ಆ ಸದ್ದಿನಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರ್ ನೆರವಿಗೆ ಬರುವುದು ಇಲ್ಲಿಯೇ. ಅಳತೆ ಹಿಡಿಯುವುದರಲ್ಲಿ ಅದಕ್ಕೆ ಬೇಸರವಿಲ್ಲ, ಆಯಾಸವಿಲ್ಲ.

ಕಂಪ್ಯೂಟರ್ ಕಳಿಸುವುದು ಹೇಗೆ?

ಮೋರ್ಸ್ ಕೀ ಎಂದರೆ ಮೂಲತಃ ಒಂದು ಸ್ವಿಚ್. ಒತ್ತಿದರೆ ರೇಡಿಯೋದ ಪ್ರಸಾರ ಆರಂಭ, ಬಿಟ್ಟರೆ ಸ್ಥಗಿತ. ಆ ಬೆರಳಿನ ಕೆಲಸವನ್ನು ಕಂಪ್ಯೂಟರಿಗೆ ವಹಿಸಬೇಕು, ಅಷ್ಟೆ. ಹಳೆಯ ಕಂಪ್ಯೂಟರುಗಳ ಹಿಂಭಾಗದಲ್ಲಿ ಸೀರಿಯಲ್ ಪೋರ್ಟ್ ಎಂಬ ಒಂಬತ್ತು ಸೂಜಿಗಳ ಜಾಗ ಇರುತ್ತಿತ್ತು. ಅದರಲ್ಲಿ ಡಿಟಿಆರ್, ಆರ್‌ಟಿಎಸ್ ಎಂಬ ಎರಡು ಸಾಲುಗಳಿವೆ. ಸಾಫ್ಟ್‌ವೇರ್ ಇವುಗಳನ್ನು ಬೇಕೆಂದಾಗ ಆನ್, ಬೇಡವೆಂದಾಗ ಆಫ್ ಮಾಡಬಲ್ಲದು. ವಾಡಿಕೆಯಂತೆ ಡಿಟಿಆರ್ ಸಾಲು ಕೀ ಒತ್ತುವ ಕೆಲಸ ಮಾಡುತ್ತದೆ. ಆರ್‌ಟಿಎಸ್ ಸಾಲು ರೇಡಿಯೋವನ್ನು ಕೇಳುವ ಸ್ಥಿತಿಯಿಂದ ಕಳಿಸುವ ಸ್ಥಿತಿಗೆ ತಿರುಗಿಸುತ್ತದೆ.

ಈ ಸಾಲನ್ನು ನೇರವಾಗಿ ರೇಡಿಯೋಗೆ ಜೋಡಿಸಬಾರದು. ಎರಡರ ವಿದ್ಯುತ್ ಒತ್ತಡ ಬೇರೆ ಬೇರೆ. ನಡುವೆ ಒಂದು ಸಣ್ಣ ಟ್ರಾನ್ಸಿಸ್ಟರ್ ಮತ್ತು ಒಂದು ರೆಸಿಸ್ಟರ್ ಇಡುತ್ತಾರೆ. ಕಂಪ್ಯೂಟರಿನಿಂದ ಬಂದ ಸಣ್ಣ ವಿದ್ಯುತ್ ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಟ್ರಾನ್ಸಿಸ್ಟರ್ ರೇಡಿಯೋದ ಕೀ ಒತ್ತುತ್ತದೆ. ಇನ್ನೂ ಜಾಗ್ರತೆ ಬೇಕೆನ್ನುವವರು ಆಪ್ಟೋಕಪ್ಲರ್ ಹಾಕುತ್ತಾರೆ. ಅದರೊಳಗೆ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕನ್ನು ಗುರುತಿಸುವ ಕಣ್ಣು. ವಿದ್ಯುತ್ ಆಚೆಗೆ ದಾಟುವುದಿಲ್ಲ, ಬೆಳಕು ಮಾತ್ರ ದಾಟುತ್ತದೆ. ಒಂದು ಕಡೆ ಏನಾದರೂ ಕೆಟ್ಟರೆ ಇನ್ನೊಂದು ಕಡೆ ಸುಡುವ ಭಯ ಕಡಿಮೆ. ಇವೆಲ್ಲ ದುಬಾರಿ ಸಾಮಾನುಗಳಲ್ಲ, ಸಣ್ಣ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವಂಥವು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲ. ಅದಕ್ಕೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಬಳಸುತ್ತಾರೆ. ಆದರೆ ಇದರಲ್ಲಿ ಒಂದು ತೊಡಕಿದೆ. ಕಂಪ್ಯೂಟರ್ ಒಂದೇ ಹೊತ್ತಿಗೆ ಹತ್ತು ಕೆಲಸ ಮಾಡುತ್ತಿರುತ್ತದೆ. ಒಲೆಯ ಮೇಲೆ ಹಾಲಿಟ್ಟು, ಮಗುವಿಗೆ ಉಣ್ಣಿಸುತ್ತಾ, ಬಾಗಿಲು ತಟ್ಟಿದವರಿಗೆ ಉತ್ತರ ಕೊಡುವ ಗೃಹಿಣಿಯಂತೆ. ಒಂದು ಕ್ಷಣ ಗಮನ ಅತ್ತ ಹೋದರೆ ಹಾಲು ಉಕ್ಕುತ್ತದೆ. ಹಾಗೆಯೇ ಕಂಪ್ಯೂಟರ್ ಬೇರೆ ಕೆಲಸಕ್ಕೆ ತಿರುಗಿದರೆ ಚುಕ್ಕಿಯೊಂದು ಉದ್ದವಾಗುತ್ತದೆ, ಮೌನವೊಂದು ಕುಗ್ಗುತ್ತದೆ. ಇದಕ್ಕೆ ಪರಿಹಾರವಾಗಿ ನಡುವೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಇಡುತ್ತಾರೆ. ವಿನ್‌ಕೀಯರ್ ಎಂಬ ಚಿಪ್ ಇದಕ್ಕೆ ಹೆಸರುವಾಸಿ. ಆರ್ಡಿನೋ ಬೋರ್ಡಿನಿಂದ ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಕಂಪ್ಯೂಟರ್ ಅದಕ್ಕೆ ಅಕ್ಷರವನ್ನು ಕೊಟ್ಟುಬಿಟ್ಟರೆ ಸಾಕು, ಅಳತೆಯ ಹೊಣೆ ಅದರದು. ಅದಕ್ಕೆ ಬೇರೆ ಕೆಲಸವೇ ಇಲ್ಲ.

ಹೊಸ ರೇಡಿಯೋಗಳಲ್ಲಿ ಕೆಲವಕ್ಕೆ ಒಂದೇ ಯುಎಸ್‌ಬಿ ಕೇಬಲ್ ಸಾಕಾಗುತ್ತದೆ. ಎಫ್‌ಎಲ್‌ಡಿಜಿಯಂಥ ಸಾಫ್ಟ್‌ವೇರುಗಳು ಉಚಿತವಾಗಿ ಸಿಗುತ್ತವೆ, ಅವು ಮೋರ್ಸ್ ಕಳಿಸುವುದರ ಜೊತೆಗೆ ಬಂದ ಮೋರ್ಸನ್ನು ಓದಿ ಪರದೆಯ ಮೇಲೆ ಬರೆಯುತ್ತವೆ.

ಜಾಗ್ರತೆಯ ನಾಲ್ಕು ಮಾತು

ಮೊದಲನೆಯದು, ಕಂಪ್ಯೂಟರ್ ಏಳುವಾಗ ಆ ಡಿಟಿಆರ್ ಸಾಲು ತಾನಾಗಿಯೇ ಆನ್ ಆಗುವುದುಂಟು. ರೇಡಿಯೋ ಆಗಲೇ ಹಚ್ಚಿದ್ದರೆ ಯಾರೂ ಒತ್ತದ ಕೀ ಒತ್ತಿಕೊಂಡು ಪ್ರಸಾರ ಶುರುವಾಗುತ್ತದೆ. ಆದ್ದರಿಂದ ಮೊದಲು ಕಂಪ್ಯೂಟರ್ ಹಚ್ಚಿ, ಅದು ಪೂರ್ತಿ ಎದ್ದ ಮೇಲೆ ರೇಡಿಯೋ ಹಚ್ಚಬೇಕು. ಮುಚ್ಚುವಾಗ ಮೊದಲು ರೇಡಿಯೋ, ಆಮೇಲೆ ಕಂಪ್ಯೂಟರ್.

ಎರಡನೆಯದು, ಹೊಸ ಜೋಡಣೆಯನ್ನು ಆಂಟೆನಾಗೆ ಹಾಕಿ ಪರೀಕ್ಷಿಸಬಾರದು. ಡಮ್ಮಿ ಲೋಡ್ ಎಂಬ ಸಾಧನವಿದೆ. ಅದು ಪ್ರಸಾರದ ಶಕ್ತಿಯನ್ನು ಗಾಳಿಗೆ ಬಿಡದೆ ಶಾಖವಾಗಿಸಿ ನುಂಗುತ್ತದೆ. ಅದರಲ್ಲಿ ಸರಿಯಾದ ಮೇಲೆ, ಕಡಿಮೆ ಶಕ್ತಿಯಲ್ಲಿ ಆಂಟೆನಾಗೆ ಹೋಗಬೇಕು.

ಮೂರನೆಯದು, ಯಂತ್ರಕ್ಕೆ ಸಂದೇಶ ತುಂಬಿಸಿಟ್ಟು ಎದ್ದು ಹೋಗಬಾರದು. ಕಳಿಸುವುದು ಕಂಪ್ಯೂಟರ್ ಆದರೂ ಹೊಣೆ ಪರವಾನಗಿದಾರರದ್ದೇ. ಪ್ರಸಾರದ ಮೊದಲು ಸ್ವಲ್ಪ ಹೊತ್ತು ಕೇಳಿ, ಆ ಜಾಗದಲ್ಲಿ ಬೇರೆಯವರು ಮಾತಾಡುತ್ತಿದ್ದಾರೆಯೇ ಎಂದು ವಿಚಾರಿಸುವುದು ಅಲ್ಲಿಯ ಶಿಷ್ಟಾಚಾರ.

ನಾಲ್ಕನೆಯದು ಕಾನೂನು. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾದವರಿಗೆ ವಿಯು ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ಸಿಗುತ್ತದೆ. ವ್ಯಾಪಾರದ ಮಾತು, ಗುಟ್ಟಿನ ಭಾಷೆ ಅಲ್ಲಿ ಸಲ್ಲದು. ಮೋರ್ಸ್ ಗುಟ್ಟಲ್ಲ, ಕಲಿತ ಯಾರು ಬೇಕಾದರೂ ಕೇಳಿ ತಿಳಿಯಬಹುದು. ಕೊಲ್ಲಿಯಲ್ಲಿರುವವರಿಗೆ ಒಂದು ಮಾತು: ಭಾರತದ ಪರವಾನಗಿ ಇದೆಯೆಂದು ಅಲ್ಲಿ ಪ್ರಸಾರ ಮಾಡುವಂತಿಲ್ಲ. ಆಯಾ ದೇಶದ ಅನುಮತಿ ಬೇಕು. ಕೇಳದೆ ಸಾಮಾನಿನ ಜೊತೆ ರೇಡಿಯೋ ಒಯ್ದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳಬೇಡಿ.

ಕಿವಿಯ ಕೆಲಸ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಳಿಸುವುದರಲ್ಲಿ ಕಂಪ್ಯೂಟರ್ ಜಾಣ. ಕೇಳುವುದರಲ್ಲಿ? ಎದುರಿನವರೂ ಕಂಪ್ಯೂಟರಿನಿಂದಲೇ ಕಳಿಸುತ್ತಿದ್ದರೆ, ಸದ್ದು ಜೋರಾಗಿ ಸ್ಪಷ್ಟವಾಗಿ ಬರುತ್ತಿದ್ದರೆ, ಅದು ಚೆನ್ನಾಗಿಯೇ ಓದುತ್ತದೆ. ಆದರೆ ಸದ್ದು ಏರಿಳಿಯುತ್ತಿದ್ದರೆ, ಗುಡುಗು-ಮಿಂಚಿನ ಗರಗರ ಬೆರೆತರೆ, ಇಬ್ಬರು ಒಟ್ಟಿಗೆ ಮಾತಾಡಿದರೆ, ಅಥವಾ ವಯಸ್ಸಾದವರೊಬ್ಬರು ನಡುಗುವ ಕೈಯಿಂದ ಕೀ ಒತ್ತುತ್ತಿದ್ದರೆ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಮೂಡುತ್ತದೆ. ಅದೇ ಹೊತ್ತಿನಲ್ಲಿ ಪಳಗಿದ ಕಿವಿ ಆ ಗದ್ದಲದೊಳಗಿಂದ ಒಂದೇ ದನಿಯನ್ನು ಆರಿಸಿ ಹಿಡಿಯುತ್ತದೆ. ಮದುವೆ ಮನೆಯ ಗಲಾಟೆಯಲ್ಲೂ ತಾಯಿಗೆ ತನ್ನ ಮಗುವಿನ ಅಳು ಕೇಳಿಸುವುದಿಲ್ಲವೇ, ಹಾಗೆ.

ಅಲ್ಲದೆ, ಮೋರ್ಸ್ ಈಗಲೂ ಉಳಿದಿರುವುದಕ್ಕೆ ಕಾರಣವೇ ದುರ್ಬಲ ಸದ್ದು. ಮಾತಿನ ಪ್ರಸಾರಕ್ಕೆ ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕಾದರೆ ಮೋರ್ಸ್‌ಗೆ ಸುಮಾರು 150 ಹರ್ಟ್ಸ್ ಸಾಕು. ಶಕ್ತಿಯೆಲ್ಲ ಕಿರಿದಾದ ದಾರಿಯಲ್ಲಿ ಹೋಗುವುದರಿಂದ 5 ವ್ಯಾಟ್‌ನಷ್ಟು ಸಣ್ಣ ರೇಡಿಯೋದಿಂದಲೂ, ವಾತಾವರಣ ಅನುಕೂಲವಿದ್ದರೆ, ಸಮುದ್ರದಾಚೆಗೆ ಸಂದೇಶ ಮುಟ್ಟುತ್ತದೆ. ಸಣ್ಣ ದನಿಯಲ್ಲಿ ಬಂದವರನ್ನು ಕೇಳಿಸಿಕೊಳ್ಳಲಾಗದಿದ್ದರೆ ಈ ಲಾಭವೇ ಹೋಯಿತು.

2003ರಲ್ಲಿ ಜಿನೀವಾದಲ್ಲಿ ನಡೆದ ಅಂತಾರಾಷ್ಟ್ರೀಯ ರೇಡಿಯೋ ಸಮ್ಮೇಳನವು ಹ್ಯಾಮ್ ಪರವಾನಗಿಗೆ ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಯಾ ದೇಶಕ್ಕೆ ಬಿಟ್ಟುಕೊಟ್ಟಿತು. ಅಮೆರಿಕ 2007ರಲ್ಲಿ ಆ ಪರೀಕ್ಷೆಯನ್ನು ಪೂರ್ತಿ ಕೈಬಿಟ್ಟಿತು. ಮೋರ್ಸ್ ಇನ್ನು ಸತ್ತಂತೆ ಎಂದು ಹಲವರು ಅಂದುಕೊಂಡರು. ಹಾಗಾಗಲಿಲ್ಲ. ಒತ್ತಾಯವಿಲ್ಲದಿದ್ದರೂ ಇಷ್ಟಪಟ್ಟು ಕಲಿಯುವವರು ಉಳಿದರು.

ಹ್ಯಾಮ್‌ಗಳಲ್ಲಿ ಒಂದು ಒಳ್ಳೆಯ ರಿವಾಜು ಇದೆ. ನಿಧಾನವಾಗಿ ಕಳಿಸುವವರು ಎದುರಾದರೆ ಬಲ್ಲವರು ತಮ್ಮ ವೇಗ ಇಳಿಸಿ ಅವರ ವೇಗಕ್ಕೆ ಬರುತ್ತಾರೆ. ಕ್ಯೂಆರ್‌ಎಸ್ ಎಂಬ ಮೂರಕ್ಷರ ಕಳಿಸಿದರೆ ‘ಸ್ವಲ್ಪ ನಿಧಾನಿಸಿ’ ಎಂದರ್ಥ, ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲ. ಕಂಪ್ಯೂಟರ್ ಬಂದ ಮೇಲೆ ಈ ರಿವಾಜಿಗೆ ಪೆಟ್ಟು ಬಿದ್ದಿದೆ. ನಿನ್ನೆ ಕಲಿಯಲು ಶುರುಮಾಡಿದವರೂ ಕೀಬೋರ್ಡಿನಿಂದ ನಿಮಿಷಕ್ಕೆ 25 ಪದ ಕಳಿಸಬಹುದು. ಆಚೆಯವರು ಇವರು ಬಲ್ಲವರೆಂದು ನಂಬಿ ಅದೇ ವೇಗದಲ್ಲಿ ಉತ್ತರಿಸುತ್ತಾರೆ. ಇವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಅನುಭವಿಗಳು ಹೊಸಬರಿಗೆ ಕೊಡುವ ಬುದ್ಧಿಮಾತು ಸರಳವಾಗಿದೆ: ನೀನು ಕೇಳಿಸಿಕೊಳ್ಳಬಲ್ಲ ವೇಗದಲ್ಲೇ ಕಳಿಸು. ಇದನ್ನು ರೇಡಿಯೋಗೆ ಮಾತ್ರ ಇಟ್ಟುಕೊಳ್ಳಬೇಕಾಗಿಲ್ಲ. ಅತ್ತೆ-ಸೊಸೆ, ಗಂಡ-ಹೆಂಡತಿ, ತಾಯಿ-ಮಗಳು ಮಾತಿಗಿಳಿದಾಗಲೂ ಜಗಳ ಹುಟ್ಟುವುದು ಹೆಚ್ಚಾಗಿ ಕೇಳುವ ವೇಗಕ್ಕಿಂತ ಹೇಳುವ ವೇಗ ಹೆಚ್ಚಾದಾಗ.

ಯಾರಿಗೆ ಉಪಯೋಗ?

ಟಾನಿಯಾ ಫಿನ್ಲೇಸನ್ ಎಂಬ ಅಮೆರಿಕದ ಮಹಿಳೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವವರು. ಬಾಯಿಂದ ಮಾತಾಡಲಾರರು. ತಲೆಯ ಎರಡು ಬದಿಯಲ್ಲಿ ಎರಡು ಸ್ವಿಚ್. ಒಂದು ಕಡೆ ತಲೆ ತಾಗಿಸಿದರೆ ಚುಕ್ಕಿ, ಇನ್ನೊಂದು ಕಡೆ ತಾಗಿಸಿದರೆ ಗೆರೆ. ಯಂತ್ರ ಅದನ್ನು ಅಕ್ಷರವಾಗಿಸಿ ಅವರ ಪರವಾಗಿ ಮಾತಾಡುತ್ತದೆ. 2018ರಲ್ಲಿ ಗೂಗಲ್ ಸಂಸ್ಥೆ ಮೊಬೈಲಿನ ಕೀಬೋರ್ಡಿಗೆ ಮೋರ್ಸ್ ಸೇರಿಸಿದಾಗ ಅವರ ಜೊತೆಗೂಡಿಯೇ ಆ ಕೆಲಸ ಮಾಡಿತು. ಒಂದೇ ಬೆರಳು ಆಡಿಸಬಲ್ಲವರಿಗೂ ಮೋರ್ಸ್ ಒಂದು ಬಾಗಿಲು ತೆರೆಯುತ್ತದೆ. ಇನ್ನೊಬ್ಬರಿಗೆ ಕೈ ನಡುಗುತ್ತದೆ, ಕೀ ಹಿಡಿಯಲಾಗದು, ಆದರೆ ಟೈಪ್ ಮಾಡಬಲ್ಲರು. ಅಂಥವರಿಗೆ ಕಂಪ್ಯೂಟರ್ ಕೈಯಾಗುತ್ತದೆ. ಯಂತ್ರ ಬಳಸಿದವರನ್ನು ಸೋಮಾರಿಗಳೆಂದು ಹಂಗಿಸುವ ಮೊದಲು ಇವರನ್ನು ನೆನೆಯಬೇಕು.

ನಮ್ಮ ಕರ್ನಾಟಕದ ಮಕ್ಕಳದ್ದೂ ಒಂದು ಕತೆಯಿದೆ. ಬೆಂಗಳೂರು ಮತ್ತು ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಕಟ್ಟಿದರು. ತೂಕ ಒಂದು ಕಿಲೋಗಿಂತ ಕಡಿಮೆ. 2010ರ ಜುಲೈ 12ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ನೆಲದ ಮೇಲಿನ ನಿಲ್ದಾಣ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು. ಆ ಉಪಗ್ರಹ ತನ್ನ ಇರವನ್ನು ಸಾರಿದ್ದು ಹವ್ಯಾಸಿ ರೇಡಿಯೋದ ತರಂಗದಲ್ಲಿ, ಮೋರ್ಸ್ ಸಂಕೇತದಲ್ಲಿ. ಅಲ್ಲಿ ಕೀ ಒತ್ತುವ ಬೆರಳು ಎಲ್ಲಿಂದ ಬರಬೇಕು? ಯಂತ್ರವೇ ಒತ್ತಿತು. ಸಣ್ಣ ಬ್ಯಾಟರಿಯಲ್ಲಿ ಹೆಚ್ಚು ದೂರ ಮುಟ್ಟಬೇಕೆಂದರೆ ಈ ಹಳೆಯ ಭಾಷೆಯೇ ಅನುಕೂಲ ಎಂದು ಪುಟ್ಟ ಉಪಗ್ರಹ ಕಟ್ಟುವ ಹಲವರು ಇಂದಿಗೂ ಅದನ್ನೇ ಆರಿಸುತ್ತಾರೆ.

ಇನ್ನು ವಿಪತ್ತಿನ ಮಾತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಉದ್ದೇಶ ಹವ್ಯಾಸದ್ದೇ, ಅಲ್ಲಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಸಂಪರ್ಕ ಮಾಡುವುದು. ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿತು, ಸುನಾಮಿ ಬಂತು, ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಆಗ ಅವರು ಹವ್ಯಾಸವನ್ನು ಬದಿಗಿಟ್ಟು ಅದೇ ರೇಡಿಯೋದಲ್ಲಿ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಇಳಿದರು. ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ ಎಂದು ಮುಖ್ಯಭೂಮಿಯಲ್ಲಿ ಕಾಯುತ್ತಿದ್ದ ಮನೆಗಳಿಗೆ ತಿಳಿಸಿದರು. ತಂತಿಯ ಕಾಗದಕ್ಕೆ ಕೈ ನಡುಗಿದ ಹೆಂಗಸರಿಗೆ ಆ ಕಾಯುವಿಕೆ ಏನೆಂದು ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಸಂದೇಶ ಮಾತಿನಲ್ಲಿ ಬರಲಿ, ಮೋರ್ಸ್‌ನಲ್ಲಿ ಬರಲಿ, ಕ್ಷೀಣವಾದ ದನಿಯನ್ನು ತಾಳ್ಮೆಯಿಂದ ಕೇಳಿ ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳುವವರು ಬೇಕು. ಬದುಕಿರುವ ಒಬ್ಬರ ಹೆಸರು ತಪ್ಪಾದರೆ ಒಂದು ಮನೆಯಲ್ಲಿ ಸುಮ್ಮನೆ ಸೂತಕ ಶುರುವಾಗುತ್ತದೆ.

ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎನ್ನುವವರಿಗೆ ಇಷ್ಟು ಹೇಳಬಹುದು. ಇದು ಮನೆಯೊಳಗೆ ಕುಳಿತು ಮಾಡಬಹುದಾದ ಹವ್ಯಾಸ. ಅಪರಿಚಿತರೊಡನೆ ಮಾತಾಡಲು ಸಂಕೋಚಪಡುವ ಹುಡುಗಿಗೆ ಮೋರ್ಸ್‌ನಲ್ಲಿ ದನಿಯೇ ಬೇಕಿಲ್ಲ. ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲವೆಂದು ಯಾರೂ ನಗುವಂತಿಲ್ಲ. ಹ್ಯಾಮ್‌ಗಳ ಭಾಷೆಯಲ್ಲಿ ಹೆಣ್ಣಿಗೆ ವೈಎಲ್ ಎನ್ನುತ್ತಾರೆ. ಅದರ ಅರ್ಥ ತರುಣಿ. ಎಪ್ಪತ್ತು ದಾಟಿದ ಅಜ್ಜಿಯೂ ಅಲ್ಲಿ ವೈಎಲ್!

ಕಲಿಯುವ ಬಗೆ

ಕಲಿಸುವುದರಲ್ಲೂ ಕಂಪ್ಯೂಟರ್ ಒಳ್ಳೆಯ ಸಹಾಯಕ. ಚುಕ್ಕಿ-ಗೆರೆಗಳ ಪಟ್ಟಿಯನ್ನು ಗೋಡೆಗಂಟಿಸಿ ಬಾಯಿಪಾಠ ಮಾಡಿಸಬೇಡಿ. ಹಾಗೆ ಕಲಿತವರು ಸದ್ದು ಕೇಳಿದಾಗ ಮೊದಲು ಪಟ್ಟಿಯನ್ನು ನೆನಪಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಮುಂದಿನ ಅಕ್ಷರ ಹೋಗಿಬಿಟ್ಟಿರುತ್ತದೆ. ಮಗು ಮಾತು ಕಲಿಯುವಂತೆ ಇದನ್ನೂ ಕಿವಿಯಿಂದಲೇ ಕಲಿಯಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಲುಡ್ವಿಗ್ ಕೋಕ್ 1930ರ ದಶಕದಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಮೊದಲ ದಿನ ಎರಡೇ ಅಕ್ಷರ, ಆದರೆ ಪೂರ್ತಿ ವೇಗದಲ್ಲಿ. ನೂರರಲ್ಲಿ ತೊಂಬತ್ತು ಸರಿಯಾದ ಮೇಲೆ ಮೂರನೆಯ ಅಕ್ಷರ. ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗುವುದು. ಈ ಕ್ರಮದಲ್ಲಿ ಪಾಠ ಹೇಳುವ ಉಚಿತ ಸಾಫ್ಟ್‌ವೇರುಗಳು ಕಂಪ್ಯೂಟರಿಗೂ ಮೊಬೈಲಿಗೂ ಇವೆ. ಇಲ್ಲಿ ಗಾಳಿಗೆ ಏನೂ ಪ್ರಸಾರವಾಗದ ಕಾರಣ ಪರವಾನಗಿಯ ಪ್ರಶ್ನೆಯೇ ಬರುವುದಿಲ್ಲ. ರೇಡಿಯೋ ಕೊಳ್ಳುವ ಖರ್ಚೂ ಇಲ್ಲ.

ದಿನಕ್ಕೆ ಒಂದು ಗಂಟೆ ಒಮ್ಮೆಗೇ ಕುಳಿತು ಬಿಟ್ಟುಬಿಡುವುದಕ್ಕಿಂತ ಪ್ರತಿದಿನ ಹದಿನೈದು ನಿಮಿಷ ಮೇಲು. ಸಾಮಾನ್ಯವಾಗಿ ಮೊದಲು ಕೊಡುವ ಎರಡು ಅಕ್ಷರ ಕೆ ಮತ್ತು ಎಂ. ಕೆ ಎಂದರೆ ಗೆರೆ ಚುಕ್ಕಿ ಗೆರೆ, ಎಂ ಎಂದರೆ ಗೆರೆ ಗೆರೆ. ಮಕ್ಕಳಿಗೆ ರಜೆಯಿರುವಾಗ ಶುರುಮಾಡಿಸಿ, ಸಾಧ್ಯವಾದರೆ ನೀವೂ ಜೊತೆಗೆ ಕುಳಿತುಕೊಳ್ಳಿ. ಯಾರಿಗೆ ಮೊದಲು ಬರುತ್ತದೆ ಎಂದು ಪಂದ್ಯ ಕಟ್ಟಬೇಡಿ. ಇಷ್ಟು ಮಾತ್ರ ನೋಡಿಕೊಳ್ಳಿ: ಮಗಳು ಕಿವಿಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಪೆನ್ಸಿಲ್ ಹಿಡಿದು ಕೇಳುತ್ತಿರುವ ಆ ಹದಿನೈದು ನಿಮಿಷ, ಚಹಾಕ್ಕೆ ಹಾಲು ತರಲು ಅಂಗಡಿಗೆ ಹೋಗು ಎಂದು ಯಾರೂ ಅವಳನ್ನು ಕರೆಯದಿರಲಿ.